ಕ್ರೂಸ್ ಬುಕಿಂಗ್: ಕಡಿಮೆ ದರ ಹಿಡಿಯುವುದು ಹೇಗೆ

ಜಾಹೀರಾತಿನ ದರ ನೋಡಿ ಮರುಳಾಗಬೇಡಿ. ಅದು ಸಾಮಾನ್ಯವಾಗಿ ಇಬ್ಬರು ಹಂಚಿಕೊಳ್ಳುವ, ಕಿಟಕಿಯಿಲ್ಲದ ಒಳಕ್ಯಾಬಿನ್ನಿನ ತಲಾ ದರ. ಬಂದರು ಶುಲ್ಕ, ಟಿಪ್ಸ್, ವೈಫೈ, ಪಾನೀಯ ಎಲ್ಲವನ್ನೂ ಕೂಡಿಸಿ, ಒಟ್ಟು ಮೊತ್ತವನ್ನು ರಾತ್ರಿಗಳಿಂದ ಭಾಗಿಸಿ. ಹೋಲಿಸಬೇಕಾದ್ದು ಆ ಅಂಕಿಯನ್ನು. ಒಬ್ಬರೇ ಹೋಗುವುದಾದರೆ ಬಹಳ ಕಡೆ ಇಬ್ಬರ ದರವನ್ನೇ ತೆರಬೇಕಾಗುತ್ತದೆ.

ಜನವರಿಯಿಂದ ಮಾರ್ಚ್‌ವರೆಗೆ ಕಂಪನಿಗಳು ಆಫರ್‌ಗಳ ಸುರಿಮಳೆ ಸುರಿಸುತ್ತವೆ. ಹೆಚ್ಚಿನವು ದರ ಇಳಿಸುವ ಬದಲು ಹಡಗಿನಲ್ಲಿ ಖರ್ಚು ಮಾಡಲು ಕ್ರೆಡಿಟ್ ಕೊಡುತ್ತವೆ. ನೀವು ಹಡಗಿನಲ್ಲಿ ಏನೂ ಕೊಳ್ಳದವರಾದರೆ ಅದರಿಂದ ಲಾಭ ಅಷ್ಟಕ್ಕಷ್ಟೆ.

ನಿಜವಾದ ಉಳಿತಾಯ ಇರುವುದು ಬುಕಿಂಗ್ ಆದ ಮೇಲೆ. ವಾಪಸ್ ಸಿಗುವ ಠೇವಣಿ ಕಟ್ಟಿ ಕ್ಯಾಬಿನ್ ಹಿಡಿದುಕೊಳ್ಳಿ. ಪೂರ್ತಿ ಹಣ ಕಟ್ಟಲು ಕೊನೆಯ ದಿನ ಸಾಮಾನ್ಯವಾಗಿ ಪ್ರಯಾಣಕ್ಕೆ 75ರಿಂದ 120 ದಿನ ಮೊದಲು ಬರುತ್ತದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಅದೇ ಹಡಗು, ಅದೇ ದಿನಾಂಕ, ಅದೇ ದರ್ಜೆಯ ಬೆಲೆ ನೋಡುತ್ತಿರಿ. ಇಳಿದರೆ ಸ್ಕ್ರೀನ್‌ಶಾಟ್ ತೆಗೆದು, ಕಂಪನಿಗೋ ಏಜೆಂಟರಿಗೋ ಫೋನ್ ಮಾಡಿ ದರ ಬದಲಿಸಿಕೊಳ್ಳಿ. ತಾನಾಗಿ ಯಾರೂ ಇಳಿಸಿಕೊಡುವುದಿಲ್ಲ! ಬದಲಿಸುವ ಮುನ್ನ ಹಳೆಯ ಆಫರ್ ಕೈತಪ್ಪುತ್ತದೆಯೇ ಎಂದು ಕೇಳಿ.

ವಸಂತ, ಶರತ್ಕಾಲಗಳಲ್ಲಿ ಹಡಗುಗಳು ಕೆರಿಬಿಯನ್ ಮತ್ತು ಮೆಡಿಟರೇನಿಯನ್ ನಡುವೆ ನೆಲೆ ಬದಲಿಸುತ್ತವೆ. ಈ ರೀಪೊಸಿಷನಿಂಗ್ ಯಾನಗಳಲ್ಲಿ ಪ್ರತಿ ರಾತ್ರಿಯ ದರ ಅಗ್ಗ. ಆದರೆ ಇಳಿಯುವ ಊರೇ ಬೇರೆ. ಒಂದು ಕಡೆಯ ವಿಮಾನ ಟಿಕೆಟ್ ಉಳಿಸಿದ್ದನ್ನೆಲ್ಲ ನುಂಗಬಹುದು.

ಗ್ಯಾರಂಟಿ ಕ್ಯಾಬಿನ್ನೂ ಅಗ್ಗವೇ. ಕೋಣೆ ಆರಿಸುವುದು ಮಾತ್ರ ಕಂಪನಿ, ಹಾಗಾಗಿ ಡಿಸ್ಕೋ ಕೆಳಗಿನದೇ ಸಿಕ್ಕರೂ ದೂರುವಂತಿಲ್ಲ.