ವೇಗ ಬಿಟ್ಟೆ, ಸದ್ದು ತಗ್ಗಿಸಿದೆ: ನನ್ನ ಬೇಟೆ ಬಿಲ್ಲಿನ ಹೆದೆ

ಬಿಲ್ಲುಬೇಟೆಗೆ ಪರವಾನಗಿ ಸಿಕ್ಕ ಮೊದಲ ವರ್ಷದ ಮಾತು. ಸುಮಾರು 18 ಮೀಟರ್ ದೂರದಲ್ಲಿ ಜಿಂಕೆ ತಲೆ ತಗ್ಗಿಸಿ ಮೇಯುತ್ತಿತ್ತು. ಗುರಿ ಸರಿಯಾಗಿಯೇ ಇತ್ತು. ಬಾಣ ಬಿಟ್ಟ ಕೂಡಲೇ ಅದರ ಕಾಲು ಮಡಚಿ ಮೈ ಕೆಳಗಾಯಿತು, ಬಾಣ ಬೆನ್ನ ಮೇಲಿಂದ ಹಾದು ಪೊದೆಗೆ ಬಿತ್ತು. ಜಿಂಕೆ ಬಾಣ ನೋಡಿ ತಪ್ಪಿಸಿಕೊಂಡದ್ದಲ್ಲ. ಹೆದೆಯ ಸದ್ದು ಕೇಳಿ ಓಡಲು ಹೊರಟಿತ್ತು, ಅಷ್ಟೆ. ಜಿಗಿಯೋ ಮುಂಚೆ ಮೈ ತಗ್ಗಿಸಲೇಬೇಕಲ್ವಾ.

ಇನ್ನೂ ವೇಗ ಬೇಕು ಅಂತ ನನಗೆ ಮೊದಲು ಅನ್ನಿಸಿತು. ಬಿಲ್ಲೇನೂ ನಿಧಾನದ್ದಲ್ಲ: ಎಳೆಯಲು 45 ಪೌಂಡ್ ಬಲ ಬೇಕಾದ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು), ಹಿಗ್ಗದ ನೂಲಿನ ತೆಳು ಹೆದೆ, 360 ಗ್ರೇನಿನ (ಸುಮಾರು 23 ಗ್ರಾಂ) ಬಾಣ. ವೇಗ ಅಳೆಯುವ ಕ್ರೋನೋಗ್ರಾಫ್ ಸೆಕೆಂಡಿಗೆ 188 ಅಡಿ ತೋರಿಸುತ್ತಿತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. ಆ ವೇಗದಲ್ಲಿ 18 ಮೀಟರ್ ದಾಟಲು ಬಾಣಕ್ಕೆ 0.31 ಸೆಕೆಂಡ್ ಬೇಕು. ಸದ್ದಿಗೆ 0.05 ಸಾಕು. ಬಾಣ ಮೂರು ಮೀಟರ್ ಹೋಗುವಷ್ಟರಲ್ಲಿ ಸುದ್ದಿ ಜಿಂಕೆಯ ಕಿವಿ ಮುಟ್ಟಿರುತ್ತದೆ. ಕಷ್ಟಪಟ್ಟು ಇನ್ನೂ 20 ಅಡಿ ವೇಗ ಏರಿಸಿದರೂ ಉಳಿಯೋದು 0.03 ಸೆಕೆಂಡ್. ಕಥೆಗಳಲ್ಲಿ ವೀರರು ಹೆದೆ ಮೀಟಿ, ಟಂಕಾರದಿಂದಲೇ ವೈರಿಗಳನ್ನು ನಡುಗಿಸುತ್ತಾರೆ. ನನ್ನ ಬಿಲ್ಲೂ ಅದನ್ನೇ ಮಾಡುತ್ತಿತ್ತು.

ಹೆದೆಗೆ ಕೈ ಹಾಕುವ ಮುಂಚೆ ಬಾಣ ಬದಲಿಸಿದೆ. ಬಾಣ ಹೊತ್ತೊಯ್ಯದ ಶಕ್ತಿ ಬಿಲ್ಲಿನಲ್ಲೇ ಉಳಿದು ನಡುಕವಾಗುತ್ತದೆ, ಸದ್ದಾಗುತ್ತದೆ. ಬಾಣ ಭಾರವಾದಷ್ಟೂ ಜಾಸ್ತಿ ಹೊರುತ್ತದೆ. 480 ಗ್ರೇನಿಗೆ ಹೋದೆ. ಮುಂದಿನ ಮೊನೆ ಭಾರವಾದರೆ ಬಾಣ ಹೆಚ್ಚು ಬಳುಕುವುದರಿಂದ ಗಟ್ಟಿ ಶಾಫ್ಟ್ (ಬಾಣದ ಕೋಲು) ಕೊಳ್ಳಬೇಕಾಯಿತು. ವೇಗ 167 ಅಡಿಗೆ ಇಳಿಯಿತು. 18 ಮೀಟರ್‌ನಲ್ಲಿ ಬಾಣ ಅರ್ಧ ಗೇಣು ಕೆಳಗೆ ಬೀಳತೊಡಗಿತು. ಎರಡು ವಾರದಲ್ಲಿ ಕಣ್ಣು ಒಗ್ಗಿಕೊಂಡಿತು.

ಆಮೇಲೆ ಹೆದೆ. ಡೇಕ್ರಾನ್‌ನ (ಪಾಲಿಯೆಸ್ಟರ್ ನೂಲು) 14 ಎಳೆಯದೊಂದನ್ನು ಮಾಡಿ ನೋಡಿದೆ. ಕೈಗೆ ಮೆತ್ತಗೆ, ಹಿತವಾಗಿತ್ತು. ಆದರೆ ಹಿಗ್ಗುತ್ತದೆ, ಮೊದಲ ಕೆಲವು ದಿನ ಹಿಡಿಗೂ ಹೆದೆಗೂ ನಡುವಿನ ದೂರ ಇಳಿಯುತ್ತಲೇ ಇರುತ್ತದೆ. ಹಳೆಯ ಬಿಲ್ಲಾಗಿದ್ದು ತುದಿಗಳನ್ನು ಬಲಪಡಿಸಿಲ್ಲದಿದ್ದರೆ ಯೋಚನೆಯೇ ಬೇಡ, ಡೇಕ್ರಾನ್ ಹಾಕಿ. ಹಿಗ್ಗದ ಹೆದೆಯ ಏಟಿಗೆ ತುದಿ ಸೀಳಬಹುದು. ನನ್ನ ಬಿಲ್ಲು ಎರಡಕ್ಕೂ ತಡೆಯುತ್ತಿತ್ತು. ಸದ್ದಿನಲ್ಲಿ ನಾನು ಅಂದುಕೊಂಡಷ್ಟು ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಉಳಿಸಿಕೊಂಡದ್ದು ಹಿಗ್ಗದ ನೂಲನ್ನೇ, ಆದರೆ ಎಳೆ ಹೆಚ್ಚಿಸಿ, ಕುಣಿಕೆಯ ಹತ್ತಿರ ಇನ್ನಷ್ಟು ಎಳೆ ಸೇರಿಸಿ ದಪ್ಪ ಮಾಡಿ, ಎಳೆಗಳನ್ನೇ ಹೊಸೆದು ಕುಣಿಕೆ ಮಾಡುವ ಫ್ಲೆಮಿಶ್ ಹುರಿಯಲ್ಲಿ ಹೊಸೆದೆ.

ನಿಜವಾದ ಲಾಭ ಸಿಕ್ಕಿದ್ದು ಪುಕ್ಕಟೆ ಕೆಲಸದಿಂದ. ಬ್ರೇಸ್ ಹೈಟ್ ಅಂದರೆ ಹೆದೆ ಏರಿಸಿದ ಬಿಲ್ಲಿನಲ್ಲಿ ಹಿಡಿಯ ಆಳದಿಂದ ಹೆದೆಗಿರುವ ದೂರ. ಹುರಿ ಹೆಚ್ಚಿಸಿದರೆ ಹೆದೆ ಗಿಡ್ಡವಾಗಿ ಈ ದೂರ ಏರುತ್ತದೆ. ನನ್ನದು ಏಳು ಇಂಚಿನಲ್ಲಿತ್ತು, ವೇಗದ ಆಸೆಗೆ. ಮೂರು ಸುತ್ತು ಹುರಿ ಹಾಕು, ನಾಲ್ಕು ಬಾಣ ಬಿಡು, ಬರೆದುಕೋ. ಮತ್ತೆ ಮೂರು ಸುತ್ತು. ಬಿಲ್ಲು ಹಿಡಿದವನ ಕಿವಿಯನ್ನು ನಂಬಬೇಡಿ. ನಾನು ಗುರಿಹಲಗೆಯ ಪಕ್ಕದ ದಪ್ಪ ಮರದ ಹಿಂದೆ ಫೋನ್ ಇಟ್ಟು ರೆಕಾರ್ಡ್ ಮಾಡಿದೆ. ಜಿಂಕೆಗೆ ಕೇಳೋದು ಅಲ್ಲಿ ಕೇಳುವ ಸದ್ದೇ. ಏಳು ಇಂಚಿನಲ್ಲಿ 'ಟ್ರಾಂಗ್' ಅಂತ ಬಾಲ ಬಿಟ್ಟ ಸದ್ದು. ಏಳೂಮುಕ್ಕಾಲರಲ್ಲಿ ಬಾಲ ಮೊಟಕಾಯಿತು. ಎಂಟರ ಹತ್ತಿರ ಬರೀ 'ದಬ್'. ಎಂಟೂಕಾಲರಲ್ಲಿ ಮತ್ತೆ ಗಡಸಾಯಿತು. ಎಂಟಕ್ಕೆ ನಿಲ್ಲಿಸಿದೆ. ನಿಮ್ಮ ಬಿಲ್ಲಿನ ಅಂಕಿ ಬೇರೆಯೇ ಇರುತ್ತದೆ, ನನ್ನದನ್ನು ನಕಲು ಮಾಡಬೇಡಿ.

ಸೈಲೆನ್ಸರ್ ಅದಾದ ಮೇಲೆ. ಅಂದರೆ ನಡುಕ ಹೀರಲು ಹೆದೆಗೆ ಕಟ್ಟುವ ಉಣ್ಣೆ ನೂಲಿನ ಎರಡು ಚಿಕ್ಕ ಕುಚ್ಚು, ಒಂದು ಮೇಲಿನ ತುದಿಯಿಂದ ಕಾಲು ಭಾಗದಲ್ಲಿ, ಇನ್ನೊಂದು ಕೆಳತುದಿಯಿಂದ ಮೂರನೇ ಒಂದು ಭಾಗದಲ್ಲಿ. ಎರಡೂ ಕಡೆ ಒಂದೇ ದೂರದಲ್ಲಿದ್ದರೆ ಕೆಲವು ಕಂಪನಗಳು ಎರಡನ್ನೂ ತಪ್ಪಿಸಿಕೊಂಡು ಉಳಿದುಬಿಡುತ್ತವೆ. ಹೆದೆಯ ನಡುವಿಗೆ ಹತ್ತಿರವಾದಷ್ಟೂ ವೇಗ ತಿನ್ನುತ್ತವೆ. ಉಣ್ಣೆಗೆ ಮಳೆ ಆಗಿಬರೋದಿಲ್ಲ, ನೀರು ಕುಡಿದು ಭಾರವಾಗುತ್ತದೆ. ಮಳೆಗಾಲಕ್ಕೆ ರಬ್ಬರ್ ಎಳೆಗಳಿವೆ. ಅವು ಕೆಲವು ಸೀಸನ್ನಿನಲ್ಲಿ ಒಣಗಿ ಉದುರುತ್ತವೆ.

ರಿಕರ್ವ್ ಆದ್ದರಿಂದ ಹೆದೆ ಲಿಂಬ್ (ಬಿಲ್ಲಿನ ತೋಳು) ಮೇಲೆ ಬಡಿಯುವ ಜಾಗಕ್ಕೆ ಮೆತ್ತನೆ ಬಟ್ಟೆಯ ಪಟ್ಟಿ ಅಂಟಿಸಿದೆ. ನಾಕ್ (ಹೆದೆಗೆ ಸಿಕ್ಕಿಸುವ ಬಾಣದ ಹಿಂತುದಿಯ ಸೀಳು) ಬಿಗಿಯಾಗಿದ್ದರಿಂದ ಬಾಣ ಕೂರಿಸುವಾಗಲೇ 'ಕ್ಲಿಕ್' ಅನ್ನುತ್ತಿತ್ತು. ಸರ್ವಿಂಗ್ (ಹೆದೆಯ ನಡುಭಾಗಕ್ಕೆ ಸುತ್ತಿದ ದಾರ) ಬಿಚ್ಚಿ ತೆಳು ದಾರ ಸುತ್ತಿದೆ. ಈಗ ಬಾಣ ಹೆದೆಗೆ ನೇತಾಡುತ್ತದೆ, ಹೆದೆಗೆ ಬೆರಳಲ್ಲಿ ತಟ್ಟಿದರೆ ಬೀಳುತ್ತದೆ.

ಇಷ್ಟಾದರೂ ರೆಕಾರ್ಡಿಂಗಿನಲ್ಲಿ ಕೊನೆಗೊಂದು 'ಟಕ್' ಉಳಿಯಿತು. ಎರಡು ದಿನ ಹೆದೆಯನ್ನೇ ಬೈಯುತ್ತಾ ಹುರಿ ಬಿಚ್ಚಿ ಹಾಕಿದೆ. ಕೊನೆಗೆ ನೋಡಿದರೆ, ಬಿಲ್ಲಿಗೆ ಕಟ್ಟಿದ ಬತ್ತಳಿಕೆಯಲ್ಲಿ ಒಂದು ಬಾಣ ಸಡಿಲವಾಗಿ ಕೂತು ಅಲ್ಲಾಡುತ್ತಿತ್ತು.