ಕೆಂಪು ಬಟ್ಟೆಯ ಮೋಜೋ ಚೀಲ ಕಟ್ಟುವುದು ಹೇಗೆ

ಮೋಜೋ ಚೀಲ ರೆಡಿಮೇಡ್ ಸಿಗುತ್ತದೆ, ಆದರೆ ಕೊಳ್ಳಬೇಡಿ ಅಂತಲೇ ನಾನು ಹೇಳುವುದು. ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಹೂಡೂ ಪದ್ಧತಿಯಲ್ಲಿ ಇದು ಒಬ್ಬರಿಗಾಗಿ, ಒಂದು ಕೆಲಸಕ್ಕಾಗಿ ಕಟ್ಟುವ ತಾಯತ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದರೆ ಆಗುತ್ತದಾ?

ಮೊದಲು ಯಾಕೆ ಬೇಕು ಅಂತ ತೀರ್ಮಾನ ಮಾಡಿ. ಕೆಲಸ ಸಿಗಲಿ, ಪ್ರಯಾಣ ಸುಖವಾಗಿರಲಿ, ಹೀಗೆ ಒಂದೇ ಮಾತು. ಅದನ್ನು ಚೀಟಿಯಲ್ಲಿ ಬರೆದು, ನಿಮ್ಮ ಕಡೆಗೇ ಮಡಚಿ. ಏನಾದರೂ ಹತ್ತಿರ ಬರಲಿ ಅಂದರೆ ಒಳಮುಖ, ದೂರ ಹೋಗಲಿ ಅಂದರೆ ಹೊರಮುಖ.

ಬಟ್ಟೆ ಕೆಂಪು ಫ್ಲ್ಯಾನೆಲ್. ಅಂಗೈ ಅಗಲದ ತುಂಡು ಸಾಕು.

ಒಳಗಿನ ವಸ್ತುಗಳು ಬೆಸ ಸಂಖ್ಯೆಯಲ್ಲಿರಬೇಕು, 3ಕ್ಕಿಂತ ಕಡಿಮೆ ಬೇಡ. ಇದರಲ್ಲಿ ದೊಡ್ಡ ಹೆಸರು ಹೈ ಜಾನ್ ಬೇರಿನದು. ಮೆಕ್ಸಿಕೋದ ಬಳ್ಳಿಯ ಗಡ್ಡೆ ಅದು, ನಮ್ಮ ಸಿಹಿಗೆಣಸಿನ ಬಳಗದ್ದೇ, ಒಣಗಿ ಮುರುಟಿಕೊಂಡು ಕಪ್ಪು ಕಂದು ಬಣ್ಣಕ್ಕೆ ತಿರುಗಿ ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ. ಚೀಲಕ್ಕೆ ಮಾತ್ರ, ಬಾಯಿಗೆ ಬೇಡವೇ ಬೇಡ, ಹೊಟ್ಟೆ ಕೆಟ್ಟು ಭೇದಿ ಹಿಡಿಯುತ್ತದೆ. ಅದು ಸಿಗದಿದ್ದರೆ ಬೇಸರ ಬೇಡ. ಅದೃಷ್ಟಕ್ಕೆ ಜಾಯಿಕಾಯಿ, ದುಡ್ಡಿಗೆ ದಾಲ್ಚಿನ್ನಿ ಚಕ್ಕೆ ಇಡುತ್ತಾರೆ, ಅವು ಅಡುಗೆಮನೆಯಲ್ಲೇ ಇವೆ ಅಲ್ವಾ? ಎಳೆದು ತರುವ ಕೆಲಸಕ್ಕೆ ಸೂಜಿಗಲ್ಲು. ಜೊತೆಗೆ ನಿಮ್ಮದೇ ಒಂದೆರಡು ಕೂದಲು, ಚೀಲ ಯಾರದ್ದು ಅಂತ ಅದಕ್ಕೆ ಗೊತ್ತಾಗಬೇಕಲ್ಲ.

ಎಲ್ಲ ಹಾಕಿದ ಮೇಲೆ ಬಾಯಿ ಕಟ್ಟುವ ಮೊದಲು ಒಳಗೆ ಉಸಿರು ಊದಿ, ನಿಮ್ಮ ಮಾತನ್ನು ಹೇಳಿ, ದಾರ ಬಿಗಿಯಿರಿ. ಈ ಉಸಿರಿನ ಹೆಜ್ಜೆಯನ್ನು ದಯವಿಟ್ಟು ಸುಮ್ನೆ ಹಾರಿಸಬೇಡಿ, ಚೀಲಕ್ಕೆ ಜೀವ ಬರುವುದು ಇದರಿಂದಲೇ ಅನ್ನುತ್ತಾರೆ. ಗಂಟಿಗೆ ಜೀವ ಇದೆ ಅನ್ನುವ ಮಾತು ಹಳೆಯದು. ಆಫ್ರಿಕಾದ ಕಾಂಗೋ ಸೀಮೆಯಲ್ಲಿ ಎನ್‌ಕಿಸಿ ಅಂತ ಮಾಡುತ್ತಿದ್ದರು. ಗಂಟಿನಲ್ಲೋ ಮರದ ಗೊಂಬೆಯ ಹೊಟ್ಟೆಯಲ್ಲೋ ಬಿಳಿ ಜೇಡಿಮಣ್ಣು, ಗೋರಿಯ ಮಣ್ಣು, ಬೇರು ತುಂಬಿ ಮುಚ್ಚಿದರೆ ಅದರೊಳಗೆ ಜೀವವೊಂದು ನೆಲೆಸುತ್ತದೆ ಅನ್ನುವ ನಂಬಿಕೆ. ಹಡಗಿನಲ್ಲಿ ಗುಲಾಮರಾಗಿ ಹೋದವರು ಕೈಯಲ್ಲಿ ಏನೂ ಒಯ್ಯಲಿಲ್ಲ, ಈ ತಿಳಿವಳಿಕೆಯನ್ನು ಒಯ್ದರು. ಹೈಟಿಯಲ್ಲಿ ರಿಬ್ಬನ್ ಸುತ್ತಿದ ಪಾಕೆಟ್ ಕಾಂಗೋ ಗಂಟು ಇವತ್ತಿಗೂ ಇದೆ. ಜಮೈಕಾದಲ್ಲಿ 1760ರ ಗುಲಾಮರ ದಂಗೆಯ ನಂತರ ಬ್ರಿಟಿಷರು ಇಂಥ ವಸ್ತುಗಳ ವಿರುದ್ಧ ಕಾನೂನನ್ನೇ ತಂದರು. ಗಿಳಿಯ ಕೊಕ್ಕು, ನಾಯಿಯ ಹಲ್ಲು, ಗೋರಿಯ ಮಣ್ಣು, ಮೊಟ್ಟೆಯ ಚಿಪ್ಪನ್ನೆಲ್ಲ ಹೆಸರು ಹಿಡಿದು ಬರೆದಿದ್ದಾರೆ. ಒಂದು ಗಂಟಿಗೆ ಅಷ್ಟು ಹೆದರಿದ್ದರು ನೋಡಿ.

ಚೀಲ ಎಲ್ಲಿಟ್ಟುಕೊಳ್ಳಬೇಕು ಅಂದರೆ ಬಟ್ಟೆಯ ಒಳಗೆ, ಮೈಗೆ ತಾಗುವ ಹಾಗೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ತಮ್ಮ 1845ರ ಆತ್ಮಕಥೆಯಲ್ಲಿ ಇಂಥದ್ದೇ ಒಂದು ಬೇರಿನ ಬಗ್ಗೆ ಬರೆದಿದ್ದಾರೆ. 1834ರಲ್ಲಿ, ಮೇರಿಲ್ಯಾಂಡ್‌ನಲ್ಲಿ, ಕೋವಿ ಎಂಬ ಯಜಮಾನನ ಹೊಡೆತ ತಾಳದೆ ಕಾಡಿಗೆ ಓಡಿದ್ದ ಹುಡುಗ ಡಗ್ಲಸ್‌ಗೆ ಸ್ಯಾಂಡಿ ಜೆಂಕಿನ್ಸ್ ಎಂಬ ಇನ್ನೊಬ್ಬ ಗುಲಾಮ ಬೇರು ಕೊಟ್ಟು, ಯಾವಾಗಲೂ ಬಲಗಡೆ ಇಟ್ಟುಕೋ, ಬಿಳಿಯ ಯಾರೂ ನಿನಗೆ ಹೊಡೆಯಲಾರ ಅಂದ. ಡಗ್ಲಸ್‌ಗೆ ಮೊದಲು ನಂಬಿಕೆ ಇರಲಿಲ್ಲ. ಭಾನುವಾರ ಕೋವಿ ಮೆತ್ತಗೆ ಮಾತಾಡಿದ. ಸೋಮವಾರ ಹಿಡಿದು ಕಟ್ಟಲು ಬಂದಾಗ ಡಗ್ಲಸ್ ತಿರುಗಿಬಿದ್ದರು, ಸುಮಾರು 2 ಗಂಟೆ ಹೊಡೆದಾಟ. ಆಮೇಲೆ ಕೋವಿ ಅವರ ಮೈಮೇಲೆ ಕೈಯೆತ್ತಲಿಲ್ಲ. ಈ ಕಥೆ ಓದದೆ ಯಾರೂ ಚೀಲ ಕಟ್ಟಬಾರದು ಅನ್ನುವಷ್ಟು ನನಗೆ ಇದು ಮುಖ್ಯ.

ಇನ್ನು ಊಟ. ಚೀಲಕ್ಕೂ ಹಸಿವಾಗುತ್ತದೆ. ವಾರಕ್ಕೊಮ್ಮೆ ಒಂದೆರಡು ಹನಿ ವಿಸ್ಕಿ ಅಥವಾ ಎಣ್ಣೆ ಸವರಿ, ನೆನೆಸಬೇಡಿ, ಜಾಸ್ತಿಯಾದರೆ ಬೂಸ್ಟು ಹಿಡಿಯುತ್ತದೆ. ಬೇರೆಯವರಿಗೆ ತೋರಿಸಬೇಡಿ, ಮುಟ್ಟಲು ಕೊಡಬೇಡಿ. ಯಾರಾದರೂ ಮುಟ್ಟಿಬಿಟ್ಟರೆ ಅದರ ಶಕ್ತಿ ಹೋಯಿತು ಅಂತಲೇ ಲೆಕ್ಕ. ಬಿಚ್ಚಿ, ಬೇರು ಚಕ್ಕೆಗಳನ್ನು ಮಣ್ಣಿಗೆ ಹಾಕಿ, ಹೊಸ ಬಟ್ಟೆ ಕತ್ತರಿಸಿ.