ಜೇಬಿರುವ ಕಿಲ್ಟನ್ನು ಮದುವೆಗೆ ಉಡಬಹುದೇ?

ಸ್ಕಾಟ್ಲೆಂಡಿಗೆ ಹೊಸದಾಗಿ ಬಂದವರಿಗೆ ಸಹೋದ್ಯೋಗಿಯ ಮದುವೆಯ ಕರೆಯೋಲೆ ಬಂದು, ಅದರಲ್ಲಿ ‘ಹೈಲ್ಯಾಂಡ್ ಡ್ರೆಸ್’ (ಇಲ್ಲಿನ ಬೆಟ್ಟಸೀಮೆಯಾದ ಹೈಲ್ಯಾಂಡಿನ ಉಡುಪು, ಅಂದರೆ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಕಿಲ್ಟ್) ಎಂದಿದ್ದರೆ, ಆನ್‌ಲೈನಿನಲ್ಲಿ ಅಗ್ಗವಾಗಿ ಸಿಗುವ, ಜೇಬುಗಳಿರುವ ಯುಟಿಲಿಟಿ ಕಿಲ್ಟ್ ತರಿಸಿಬಿಡೋಣ ಎನ್ನಿಸುವುದು ಸಹಜ. ಮೊದಲ ವರ್ಷ ನಾನೂ ಅದನ್ನೇ ಉಟ್ಟು, ಮುಂದೆ ಸ್ಪೊರನ್ ಎಂಬ ಚರ್ಮದ ಚೀಲವನ್ನೂ ಕಟ್ಟಿಕೊಂಡು ಹೋಗಿದ್ದೆ. ವರನ ಅಜ್ಜ ನನ್ನ ತೊಡೆಯ ಬದಿಯ ದೊಡ್ಡ ಜೇಬುಗಳನ್ನು ನೋಡಿ, ಇಷ್ಟು ಜೇಬಿದ್ದ ಮೇಲೆ ಚೀಲವೇಕೆ ಎಂದು ಮೆಲ್ಲನೆ ಕೇಳಿದರು.

ಸಾಂಪ್ರದಾಯಿಕ ಕಿಲ್ಟಿಗೆ ಜೇಬಿಲ್ಲ. ಸ್ಪೊರನ್ ಇರುವುದೇ ಆ ಕಾರಣಕ್ಕೆ. ಸುಮಾರು 8 ಗಜದಷ್ಟು, ಟಾರ್ಟನ್ ಎಂಬ ಬಣ್ಣದ ಚೌಕಳಿಯ ಉಣ್ಣೆ ಬಟ್ಟೆಯನ್ನು, ನೆರಿಗೆ ಹಿಡಿದ ಮೇಲೂ ಹಿಂಭಾಗದಲ್ಲಿ ಚೌಕಳಿ ಮುರಿಯದಂತೆ, ಒಂದೊಂದೇ ನೆರಿಗೆಯನ್ನು ಅಳೆದು ಕೈಯಿಂದ ಹೊಲಿಯುತ್ತಾರೆ. ಮುಂಭಾಗ ನೆರಿಗೆಯಿಲ್ಲದೆ ಸಪಾಟಾಗಿದ್ದು, ಬಲಬದಿಗೆ ಮುಚ್ಚಿಕೊಂಡು, ಚರ್ಮದ ಪಟ್ಟಿ ಮತ್ತು ಬಕಲುಗಳಿಂದ ಬಿಗಿಯುತ್ತದೆ. ಯುಟಿಲಿಟಿ ಕಿಲ್ಟ್ ಸಾಮಾನ್ಯವಾಗಿ ದಪ್ಪ ಹತ್ತಿ ಬಟ್ಟೆಯದು, ಒಂದೇ ಬಣ್ಣದ್ದು, ಒತ್ತುಗುಂಡಿಯದು. 2000ದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಆರಂಭವಾದ ಯುಟಿಲಿಕಿಲ್ಟ್ಸ್ ಕಂಪನಿ ಅದಕ್ಕೆ ಹೆಸರು ತಂದುಕೊಟ್ಟಿತು.

ಹಾಗೆಂದು ‘ಸಾಂಪ್ರದಾಯಿಕ’ ಎನ್ನುವುದೇನೂ ಅನಾದಿಯಲ್ಲ. 16ನೆಯ ಶತಮಾನದ ಹೈಲ್ಯಾಂಡಿನವರು ಉಡುತ್ತಿದ್ದುದು ಹೊಲಿಗೆಯೇ ಇಲ್ಲದ, ನಮ್ಮ ಪಂಚೆಯಂತೆ ಸುತ್ತಿಕೊಂಡು ಬೆಲ್ಟು ಬಿಗಿದು, ಉಳಿದದ್ದನ್ನು ಹೆಗಲಿಗೇರಿಸುವ ಉದ್ದನೆಯ ಬಟ್ಟೆ. ಸೊಂಟದ ಕೆಳಗಷ್ಟೇ ಬರುವ ಗಿಡ್ಡ ಕಿಲ್ಟ್ ಬಳಕೆಗೆ ಬಂದದ್ದು 18ನೆಯ ಶತಮಾನದಲ್ಲಿ. ನೆರಿಗೆಗಳನ್ನು ಹೊಲಿಯತೊಡಗಿದ್ದು ಆ ಶತಮಾನದ ಕೊನೆಗೆ. 1746ರ ಕಾಯಿದೆಯಿಂದ ನಿಷೇಧಕ್ಕೆ ಒಳಗಾಗಿ 1782ರಲ್ಲಿ ಬಿಡುಗಡೆಯಾದ ಈ ಉಡುಪು, 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದು ಕಿಲ್ಟ್ ಉಟ್ಟ ಮೇಲೆ ಇಡೀ ದೇಶದ ಗುರುತಾಗುತ್ತ ಹೋಯಿತು. ಆದ್ದರಿಂದ ಯುಟಿಲಿಟಿ ಕಿಲ್ಟ್ ಹೊಸದೆಂಬ ಕಾರಣಕ್ಕೆ ನಾನು ಅದನ್ನು ಪಂಕ್ತಿಯಿಂದ ಎಬ್ಬಿಸುವುದಿಲ್ಲ. ಇಲ್ಲಿನ ಮನೆಯವರು ಮದುವೆಗೆ, ಶವಸಂಸ್ಕಾರಕ್ಕೆ ಉಡುವುದು ಯಾವುದನ್ನು ಎಂಬುದೇ ನನಗೆ ಅಳತೆಗೋಲು, ಮತ್ತು ಆ ಅಳತೆಗೆ ಅದು ಇನ್ನೂ ಸಲ್ಲುವುದಿಲ್ಲ.

ಮದುವೆಗಾದರೆ ಕೋಟು, ಕಾಲುಚೀಲ ಸಹಿತ ಇಡೀ ಸೆಟ್ಟನ್ನು ಬಾಡಿಗೆಗೆ ಕೊಡುವ ಅಂಗಡಿಗಳು ಪಟ್ಟಣಗಳಲ್ಲಿ ಇವೆ. ಸ್ಥಳೀಯರಲ್ಲೂ ಅನೇಕರು ಅಲ್ಲಿಂದಲೇ ತರುತ್ತಾರೆ. ಅಂಚು ಮಂಡಿಚಿಪ್ಪಿನ ಮಟ್ಟಕ್ಕೆ ಬರಲಿ. ಇಲ್ಲಿನ ಮನೆತನಗಳಿಗಿರುವಂತೆ ಕುಲದ ಟಾರ್ಟನ್ ನಮಗಿಲ್ಲವಲ್ಲ ಎಂಬ ಅಳುಕು ಬೇಡ, ಯಾವುದನ್ನು ಉಡಲೂ ಕಾನೂನಿನ ಅಡ್ಡಿಯಿಲ್ಲ. ಈಗಾಗಲೇ ಯುಟಿಲಿಟಿ ಕಿಲ್ಟ್ ಕೊಂಡಾಗಿದ್ದರೆ ಬೆಟ್ಟ ಹತ್ತುವುದಕ್ಕೋ ರಗ್ಬಿ ಪಂದ್ಯಕ್ಕೋ ಧಾರಾಳವಾಗಿ ಉಟ್ಟುಕೊಳ್ಳಿ. ಸ್ಪೊರನ್ ಮಾತ್ರ ಮನೆಯಲ್ಲಿ ಬಿಟ್ಟು ಹೋಗಿ.